ತಟ್ಟಿದವಳು

ಬ್ಯಾಂಕಿನ ಗುಮಾಸ್ತನ ಪ್ಯಾಂಟಿನ ಎಡಗಾಲನ್ನೇ ಎರಡು ಸಲ ಗಿಡ್ಡ ಮಾಡಿ ಬಲಗಾಲನ್ನು ಮುಟ್ಟದೆ ಬಿಟ್ಟಿರುವುದು ಅವಳಿಗೆ ಗೊತ್ತಾದದ್ದು, ಇಸ್ತ್ರಿ ಹಾಕಲೆಂದು ಎರಡನ್ನೂ ಒಂದರ ಮೇಲೊಂದು ಹಾಸಿದಾಗ. ಒಂದು ಕಾಲು ಕಚೇರಿಗೆ ಹೊರಟಿತ್ತು, ಇನ್ನೊಂದು ಹೊಳೆ ದಾಟಲು ನಿಂತಿತ್ತು. ಬೇರೆ ದಿನವಾಗಿದ್ದರೆ ತಾನೂ ನಕ್ಕು, ಪಕ್ಕದ ಬೀಗ ರಿಪೇರಿಯವನನ್ನೂ ಕರೆದು ತೋರಿಸಿ ನಗಿಸುತ್ತಿದ್ದಳು. ಇವತ್ತು ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಳು. ಸದ್ಯ, ಕತ್ತರಿ ಹಾಕಿರಲಿಲ್ಲ. ಗಿರಾಕಿಯ ಬಟ್ಟೆಯನ್ನು ಅವಳು ಯಾವತ್ತೂ ಕತ್ತರಿಸುವುದಿಲ್ಲ, ಒಳಗೆ ಮಡಚಿ ಹೊಲಿಯುತ್ತಾಳೆ. ಹುಡುಗ ಉದ್ದವಾಗಬಹುದು, ಪ್ಯಾಂಟು ಅಣ್ಣನ ಪಾಲಾಗಬಹುದು, ಒಳಗೆ ಮಡಚಿಟ್ಟದ್ದಿದ್ದರೆ ಯಾವತ್ತು ಬೇಕಾದರೂ ಬಿಚ್ಚಬಹುದು. ಮಡಿಕೆಯ ಗೆರೆಯೊಂದು ಉಳಿಯುತ್ತದೆ, ಅದಕ್ಕೆ ಯಾರೂ ಏನೂ ಮಾಡಲಾಗುವುದಿಲ್ಲ. ಮಶೀನಿನ ಮುಂದೆ ಕೂತು ಹೊಲಿಗೆ ಬಿಚ್ಚತೊಡಗಿದಳು. ಬೆಳಿಗ್ಗೆಯಿಂದ ಕಿವಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದ ಆ ಒಂದು ಮಾತು ಮಾತ್ರ ಜಾಗ ಬಿಟ್ಟು ಏಳಲಿಲ್ಲ. ಬಡಿದವಳು.

ಮಾತು ತಂದವಳು ನಾದಿನಿ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳೆಂದು ಗುಬ್ಬಿ ಎಂದು ಕರೆದರಂತೆ. ಈಗ ಅವಳು ಅಂಗಡಿಯ ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಾಕಬೇಕು, ಆದರೂ ಹೆಸರು ಹಾರಿಹೋಗಿಲ್ಲ. ಟಿಕೆಟ್ ಬುಕ್ಕಿಂಗ್ ಕಚೇರಿಯಲ್ಲಿ ಇಡೀ ದಿನ ಊರವರೊಡನೆ ಮಾತಾಡಿಯೂ ಅವಳಿಗೆ ಮಾತು ಮುಗಿದಿರುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು, ಗಿರಾಕಿಯ ಸ್ಟೂಲಿನ ಮೇಲೆ ಕೂತು, ಅಣ್ಣನ ಹಳೇ ರೆಕಾರ್ಡಿನ ಸಂಗತಿ ಹೇಳಿದಳು. ಅಣ್ಣನೆಂದರೆ ಇವಳ ಗಂಡ, ಫ್ರಿಜ್ಜು ರಿಪೇರಿಯವನು. ಮೂವತ್ತು ವರ್ಷಗಳ ಕೆಳಗೆ, ಮಗಳಿನ್ನೂ ಕೈಗೂಸಾಗಿದ್ದಾಗ, ಹಿಂದಿನ ಕೋಣೆಯಲ್ಲಿ ಹಳೆಯದೊಂದು ಎಲೆಕ್ಟ್ರಿಕ್ ಕೀಬೋರ್ಡು, ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡು ಅವನೊಂದು ಸಂಗೀತ ಮಾಡಿದ್ದ. ಮಾತಿಲ್ಲ, ತಾಳವಿಲ್ಲ, ಒಂದು ಸ್ವರ ಎದ್ದು ನಿಂತರೆ ಅದು ದಣಿದು ಕೂರುವ ತನಕ ಇನ್ನೊಂದಿಲ್ಲ. ಕೈಯಿಂದ ಖರ್ಚು ಹಾಕಿ ಒಂದಿಷ್ಟು ರೆಕಾರ್ಡು ಅಚ್ಚು ಹಾಕಿಸಿದ, ‘ತಂಪು’ ಎಂದು ಹೆಸರಿಟ್ಟ, ಯಾರೂ ಕೊಳ್ಳಲಿಲ್ಲ. ಈಗ ಎಲ್ಲಿಯೋ ದೂರದ ಊರಲ್ಲಿ ಇಬ್ಬರೇ ಸೇರಿ ನಡೆಸುವ ಒಂದು ಕಂಪನಿ, ಅದನ್ನು ಹೊಸದಾಗಿ ಅಚ್ಚು ಹಾಕುತ್ತೇವೆ ಎಂದು ಕೂತಿದೆ. ಮಾರ್ಕೆಟ್ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆ ರೆಕಾರ್ಡು ಮಾರುವ ಒಬ್ಬ ಬೋಳುತಲೆಯ ಹುಡುಗನಿಗೆ ಗುಜರಿಯಲ್ಲಿ ಒಂದು ಪ್ರತಿ ಸಿಕ್ಕಿ, ಅವನು ಅದನ್ನು ಅವರಿಗೆ ಕೇಳಿಸಿ, ಅವರು ಹುಚ್ಚರಾಗಿ, ಮಧ್ಯೆ ಈ ಗುಬ್ಬಿ ಹಾರಾಡಿ, ವಿಷಯ ಇಲ್ಲಿಯವರೆಗೆ ಬಂದಿತ್ತು.

ನಿನ್ನೆ ಕಂಪನಿಯವರು ಆ ಅಂಗಡಿಯವನಿಗೆ ಒಂದು ಪ್ರಶ್ನೆ ಕಳಿಸಿದ್ದರು. ಎರಡನೆಯ ಬದಿಯಲ್ಲಿ, ಅರ್ಧ ದಾಟಿದ ಮೇಲೆ, ಮೂರು ಸಲ ಏನೋ ಬಡಿದ ಸದ್ದಿದೆ. ಹಳೆಯ ಪ್ರತಿಯ ಕರಕರದಲ್ಲಿ ಅದು ಮುಚ್ಚಿಹೋಗಿತ್ತು, ಧೂಳು ತೆಗೆದ ಮೇಲೆ ಯಾರೋ ಬಾಗಿಲಲ್ಲಿ ನಿಂತ ಹಾಗೆ ಕೇಳುತ್ತದೆ. ಬೇಕೆಂದೇ ಹಾಕಿದ್ದೋ, ಆಕಸ್ಮಿಕವಾಗಿ ಬಂದ ಅಡ್ಡಿಯೋ? ಅಡ್ಡಿಯಾದರೆ ಗುರುತೂ ಸಿಗದಂತೆ ತೆಗೆಯಬಹುದು. ಉತ್ತರ ಇವತ್ತು ಸಂಜೆಯೊಳಗೆ ಬೇಕು. ಅಂಗಡಿಯವನು ಗಂಡನಿಗೆ ಫೋನು ಮಾಡಿದ್ದ. ಗಂಡ ಒಂದೇ ಮಾತು ಹೇಳಿ ಇಟ್ಟುಬಿಟ್ಟಿದ್ದ.

“ಬಡಿದವಳನ್ನೇ ಕೇಳಿ ಅಂದನಂತೆ ಅತ್ತಿಗೆ,” ಎಂದು ಗುಬ್ಬಿ ಮೊಣಕಾಲು ತಟ್ಟಿಕೊಂಡು ನಕ್ಕಳು. “ನೋಡಿ, ನೀವು ಅಣ್ಣನ್ನ ಎಷ್ಟು ಬಡೀತಿದ್ರಿ ಅಂತ ಇನ್ನು ಪರಊರಿನವರಿಗೂ ಗೊತ್ತಾಗತ್ತೆ.”

ಅವಳೂ ನಕ್ಕಿದ್ದಳು. ಆ ಮನೆಯಲ್ಲಿ ನಗುವಿನ ಸರದಿ ಬಂದಾಗ ನಗದಿದ್ದವರು ಕೆಟ್ಟವರಾಗುತ್ತಿದ್ದರು, ಹಾಗಾಗಿ ಅವಳಿಗೆ ಅಭ್ಯಾಸವಾಗಿತ್ತು. ಗುಬ್ಬಿ ಹೋದ ಮೇಲೂ ಆ ಮಾತು ಕಿವಿಯಲ್ಲೇ ಉಳಿಯಿತು. ತಟ್ಟುವುದು ಬೇರೆ, ಬಡಿಯುವುದು ಬೇರೆ. ತಟ್ಟುವುದು ಮಗುವಿನ ಬೆನ್ನನ್ನು, ಬಾಗಿಲನ್ನು, ಚೆನ್ನಾಗಿ ಕೆಲಸ ಮಾಡಿದವನ ಭುಜವನ್ನು. ಬಡಿಯುವುದು ಹಾವನ್ನು, ಕಳ್ಳನನ್ನು. ಏನೂ ಸಿಗದಿದ್ದರೆ ಸ್ವಂತ ಬಾಯನ್ನು. ಮೂವತ್ತು ವರ್ಷ ಒಂದೇ ಸೂರಿನಡಿ ಉಂಡು ಮಲಗಿ, ಅವನ ಬಾಯಲ್ಲಿ ತಾನು ಉಳಿದದ್ದು ಈ ಒಂದು ಮಾತಾಗಿ. ನಿನ್ನೆ ಫೋನು ಬಂದದ್ದನ್ನೂ ಅವನು ಮನೆಯಲ್ಲಿ ಹೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಉಪ್ಪು ಕೇಳಿದ್ದ, ಆಮೇಲೆ ಮಳೆ ಬರುವ ಹಾಗಿದೆ ಅಂದಿದ್ದ, ಅಷ್ಟೇ. ಅವನು ತಮಾಷೆಗೆ ಹೇಳಿದನೋ, ಕಹಿಯಿಂದ ಹೇಳಿದನೋ, ಅವನ ದನಿಯಲ್ಲಿ ಇವೆರಡರ ನಡುವಿನ ಹೊಲಿಗೆ ಎಲ್ಲಿದೆ ಎಂದು ಇಷ್ಟು ವರ್ಷವಾದರೂ ಅವಳ ಬೆರಳಿಗೆ ಸಿಕ್ಕಿರಲಿಲ್ಲ. ಇರಲಿ ಎಂದರೆ, ಆ ರೆಕಾರ್ಡು ತಿರುಗುವಲ್ಲೆಲ್ಲ ಗಂಡನ ಸಂಗೀತಕ್ಕೆ ಗೋಡೆ ಬಡಿದ ಹೆಂಗಸಾಗಿ ತಾನು ಉಳಿಯುತ್ತೇನೆ. ತೆಗೆಯಿರಿ ಎಂದರೆ? ಅಲ್ಲಿಗೆ ಬಂದು ಅವಳ ಯೋಚನೆ, ದಾರ ಮುಗಿದ ಮಶೀನಿನ ಹಾಗೆ, ಬಟ್ಟೆಯ ಮೇಲೆ ತೂತು ಮಾಡುತ್ತ ಓಡುತ್ತಿತ್ತು, ಹೊಲಿಗೆ ಬೀಳುತ್ತಿರಲಿಲ್ಲ.

ಗೋಡೆ ತಟ್ಟಿದರೆ ಕಮ್ಮಿ ಮಾಡು ಎಂದರ್ಥ. ಅದು ಅತ್ತೆ ಮಾಡಿದ ಕಾನೂನು. ಮಧ್ಯಾಹ್ನ ಅತ್ತೆ ಅಡ್ಡಾಗುವ ಹೊತ್ತಿಗೇ ಗಂಡ ಹಿಂದಿನ ಕೋಣೆ ಸೇರುವುದು. ಸದ್ದು ಹೆಚ್ಚಾದರೆ ಅತ್ತೆ ಮಲಗಿದಲ್ಲಿಂದಲೇ ಬಳೆಗೈಯಿಂದ ಗೋಡೆಗೆ ಬಡಿಯುವುದು. ಅವನು ಕಮ್ಮಿ ಮಾಡುವುದು. ಮಾತೇ ಬೇಕಿರಲಿಲ್ಲ. ಅತ್ತೆ ತೀರಿಕೊಂಡ ಮೇಲೂ ಕಾನೂನು ಉಳಿಯಿತು, ಕೈ ಮಾತ್ರ ಬದಲಾಯಿತು. ಮಗು ಮಲಗಬೇಕು, ತಲೆನೋವು, ಯಾರೋ ಬಂದಿದ್ದಾರೆ, ಯಾವುದಾದರೂ ಸರಿ, ಅವಳೂ ತಟ್ಟುತ್ತಿದ್ದಳು. ಆ ಕೋಣೆಯ ಸದ್ದು ಅವಳಿಗೆ ಮೊದಮೊದಲು ಸದ್ದಾಗಿಯೂ ಕೇಳುತ್ತಿರಲಿಲ್ಲ. ಒಳಗೆ ರಿಪೇರಿಗೆ ಬಂದ ಫ್ರಿಜ್ಜುಗಳು, ಬಿಚ್ಚಿಟ್ಟ ಕಂಪ್ರೆಸರುಗಳು, ಸುರುಳಿ ಸುತ್ತಿದ ತಾಮ್ರದ ಕೊಳವೆಗಳು. ಇವುಗಳ ನಡುವೆ ಟೇಪಿನ ಒಂದು ಉದ್ದ ಕುಣಿಕೆ, ಕುರ್ಚಿಯ ಕಾಲು ಸುತ್ತಿ, ಕಿಟಕಿಯ ಚಿಲಕ ಸುತ್ತಿ, ಮತ್ತೆ ಯಂತ್ರದೊಳಕ್ಕೆ ಹೋಗುತ್ತಿತ್ತು. ಕಸ ಗುಡಿಸಲು ಹೋದರೆ ಅದರ ಕೆಳಗೆ ನುಸುಳಬೇಕು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾಕುವ ತಂತಿ ಅವನ ಬಳಿ ಇರಲಿಲ್ಲ. ಹಾಗಾಗಿ ಸ್ಪೀಕರಿನ ಮುಂದೆ ಮೈಕನ್ನು ಸುತ್ತಿಗೆಯ ಹಿಡಿಗೆ ಕಟ್ಟಿ ನಿಲ್ಲಿಸಿ, ಕೋಣೆಯ ಗಾಳಿಯಿಂದಲೇ ಹಿಡಿಯುತ್ತಿದ್ದ. ಗಾಳಿಯಲ್ಲಿ ಇದ್ದದ್ದೆಲ್ಲ ಬರುತ್ತಿತ್ತು. ಫ್ರಿಜ್ಜು ಸಾಯೋ ಮುಂಚೆ ಸ್ವರ ಬದಲಾಯಿಸತ್ತೆ ಕಣೇ, ಎಂದು ಅವನೊಮ್ಮೆ ಹೇಳಿದ್ದ; ಯಾರದೋ ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ. ಆಗ ಅವನ ಮುಖ, ಬೇರೆ ಯಾರ ಬೆನ್ನಿಗೋ ಕಿವಿಯಿಟ್ಟವನ ಮುಖದ ಹಾಗಿತ್ತು. ಅವಳು ತಿರುಗಿ ಹೋಗಿದ್ದಳು.

ಅಚ್ಚಾಗಿ ಬಂದ ದಿನ ಮನೆ ತುಂಬ ಜನ. ಯಾರದೋ ಮನೆಯಿಂದ ಪ್ಲೇಯರು ಎರವಲು ತಂದಿದ್ದರು. ಅತ್ತೆಯ ತಮ್ಮ, ಗುಬ್ಬಿ, ಎದುರುಮನೆಯವರು, ಎಲ್ಲ ನೆಲದ ಮೇಲೆ ಕೂತಿದ್ದರು. ಗಂಡ ಒಗೆದ ಅಂಗಿ ಹಾಕಿಕೊಂಡು, ಮುಳ್ಳನ್ನು ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಇಳಿಸಿದ. ಸದ್ದು ಬಂತು, ನಿಂತುಕೊಂಡಿತು. ಎಲ್ಲರೂ ಕಾದರು. ಅತ್ತೆಯ ತಮ್ಮ ಕೆಮ್ಮಿದರು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಒರಗಿದ್ದ ಅವಳು, ಬಹಳ ಹೊತ್ತು ಕಾದು, ಕೇಳಿದಳು: “ಹಾಡು ಯಾವಾಗ ಬರತ್ತೆ?”

ಆ ನಗು ಈಗಲೂ ಅವಳ ಬೆನ್ನಿಗೆ ಬಿಸಿಯಾಗಿ ತಾಗುತ್ತದೆ. ಮೊದಲು ಗುಬ್ಬಿ, ಆಮೇಲೆ ಇಡೀ ಮನೆ; ಅತ್ತೆಯ ತಮ್ಮ ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ಗಂಡನೇ ನಕ್ಕು, ಮುಳ್ಳೆತ್ತಿಬಿಟ್ಟ. ಎರಡನೆಯ ಬದಿಯನ್ನು ಯಾರೂ ಕೇಳಲಿಲ್ಲ. ಅಂದಿನಿಂದ ಆ ಮಾತು ಮನೆತನದ ಗಾದೆಯಾಯಿತು. ಬಸ್ಸು ತಡವಾದರೆ, ಬೇಳೆ ಬೇಯದಿದ್ದರೆ, ಗುಬ್ಬಿಗೆ ಗಂಡು ಒಪ್ಪಿಗೆಯಾಗದಿದ್ದರೆ, “ಹಾಡು ಯಾವಾಗ ಬರತ್ತೋ” ಎನ್ನುವುದು, ಅವಳ ಕಡೆ ನೋಡುವುದು. ಮಾರನೆಯ ದಿನ ಗಂಡ ರೆಕಾರ್ಡುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, ಒಂದಷ್ಟು ಕವರು ಮಾತ್ರ ತಂದು ಅವಳ ಮಶೀನಿನ ಮೇಲಿಟ್ಟ. ಗಟ್ಟಿ ರಟ್ಟು, ಕಾಲರ್ ಅಳತೆಗೆ ಬರತ್ತೆ, ಅಂದ. ಅದೂ ತಮಾಷೆಯೋ ಏನೋ. ಅವಳು ನಿಜವಾಗಿಯೂ ಕತ್ತರಿಸಿದಳು. ಆ ರಟ್ಟಿನ ಕಾಲರುಗಳು, ಕಫುಗಳು ಅಂಗಡಿಯ ಮೊಳೆಯಲ್ಲಿ ಈಗಲೂ ನೇತಾಡುತ್ತವೆ, ಮಾಸಿದ ನೀಲಿ ಬಣ್ಣದಲ್ಲಿ. ಒಂದರ ಮೇಲೆ ‘ತಂ’ ಇದೆ, ಇನ್ನೊಂದರ ಮೇಲೆ ‘ಪು’. ಬೋಳುತಲೆಯ ಹುಡುಗ ಮೊದಲ ಸಲ ಬಂದಾಗ ಅವನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡು, ಆಮೇಲೆ ಫೋಟೋ ಹಿಡಿದುಕೊಂಡು ಹೋಗಿದ್ದ. ಬಿಸಾಡಬೇಡಿ ಅಮ್ಮಾ, ಎಂದು ಕೈ ಮುಗಿದಿದ್ದ. ಬಿಸಾಡುವುದೇನು, ಅವಳು ಅವುಗಳ ಅಳತೆಯಲ್ಲೇ ಇನ್ನೂ ಅಂಗಿ ಹೊಲಿಯುತ್ತಿದ್ದಳು.

“ಏನಮ್ಮಾ, ನಾನೇನು ಕುಂಟ್ತೀನಾ?”

ಗುಮಾಸ್ತ ಬಂದು ನಿಂತಿದ್ದ. ಮೇಜಿನ ಮೇಲೆ ಪ್ಯಾಂಟು ಒಂದೂವರೆ ಕಾಲು ಚಾಚಿಕೊಂಡು ಬಿದ್ದಿತ್ತು. ಅವಳಿಗೆ ಕಿವಿಯವರೆಗೂ ಬಿಸಿಯೇರಿತು. ಹಿಂದೆ ನಿಂತಿದ್ದ ಇನ್ನೊಬ್ಬ ಗಿರಾಕಿ ಇಣುಕಿ ನೋಡಿ ಬಾಯಿಗೆ ಕರವಸ್ತ್ರ ಹಿಡಿದ. ಸಂಜೆ ಹೊತ್ತಿಗೆ ಸರಿಮಾಡಿಟ್ಟಿರುತ್ತೇನೆ, ದುಡ್ಡು ಬೇಡ, ಎಂದಳು. ಅವನು ಒಳ್ಳೆಯವನು, ಇರಲಿ ಬಿಡಿ, ಎಲ್ಲರ ಮನೆಯಲ್ಲೂ ಏನಾದರೊಂದು ಇದ್ದೇ ಇರುತ್ತದೆ, ಎಂದು ಹೋದ. ಆ ಸಮಾಧಾನದ ಮಾತೇ ಅವಳಿಗೆ ತಡೆಯದಾಯಿತು. ಪ್ಯಾಂಟನ್ನು ಸರಿಮಾಡಿ, ಇಸ್ತ್ರಿ ಹಾಕಿ, ಬೀಗ ರಿಪೇರಿಯವನ ಕೈಗೆ ಕೊಟ್ಟು, ಅರ್ಧ ಬಾಗಿಲು ಎಳೆದು, ಮಾರ್ಕೆಟಿನ ಕಡೆ ಹೊರಟಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಕೇಳಿಯಾದರೂ ಹೇಳೋಣ ಎನಿಸಿತು. ಎರಡನೆಯ ಬದಿಯನ್ನು ಅವಳು ಯಾವತ್ತೂ ಕೇಳಿರಲಿಲ್ಲವಲ್ಲ. ಕೇಳಿದ್ದರೆ ಒಂದೇ ಸಲ, ಗೋಡೆಯ ಈಚೆ ಬದಿಯಿಂದ.

ನೆಲಮಾಳಿಗೆಯಲ್ಲಿ ಹೊತ್ತು ತಿಳಿಯುವುದಿಲ್ಲ. ಮೇಲೆ ಬಿಸಿಲೋ ಮೋಡವೋ, ಅಲ್ಲಿ ಯಾವಾಗಲೂ ಒಂದೇ ತೆಳು ಹಳದಿ ಬೆಳಕು. ಹುಡುಗ ಅವಳನ್ನು ನೋಡಿ ಎದ್ದು ನಿಂತು, ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ. ಪರೀಕ್ಷೆಗೆಂದು ಕಳಿಸಿದ ರೆಕಾರ್ಡು ಹೆಸರಿಲ್ಲದ ಬಿಳಿ ಕವರಿನಲ್ಲಿತ್ತು. ಅದನ್ನು ಅವನು ಅಂಚಿನಲ್ಲಷ್ಟೇ ಹಿಡಿದು ತೆಗೆದ. ದೀಪದ ಕೆಳಗೆ ಅದರ ಗೆರೆಗಳು ಕಪ್ಪು ಕೊಳದಲ್ಲಿ ಎದ್ದು ನಿಂತುಬಿಟ್ಟ ಅಲೆಗಳ ಹಾಗೆ ಮಿನುಗಿದವು. ದೊಡ್ಡ ಹೆಡ್‌ಫೋನನ್ನು ಅವಳ ಕಿವಿಗಿಟ್ಟ. ಲೋಕ ಹತ್ತಿಯೊಳಗೆ ಹೋಯಿತು.

ಮೊದಲು ಏನೂ ಇಲ್ಲ. ಆಮೇಲೆ ಏನೂ ಇಲ್ಲದಿದ್ದದ್ದೇ ಸ್ವಲ್ಪ ಗಟ್ಟಿಯಾಯಿತು, ಹಾಲು ಹೆಪ್ಪಾಗುವ ಹಾಗೆ, ಯಾವ ಕ್ಷಣದಲ್ಲಿ ಎಂದು ತೋರಿಸಲಾಗದ ಹಾಗೆ. ಒಂದು ಸ್ವರ ಇತ್ತು, ಬಹಳ ಹೊತ್ತಿನಿಂದ ಇದ್ದಿರಬೇಕು. ಅದರ ಕೆಳಗೆ ಇನ್ನೊಂದು ಬಂದು, ದೊಡ್ಡವರ ಮಗ್ಗುಲಲ್ಲಿ ಮಗು ಜಾಗ ಮಾಡಿಕೊಂಡು ಮಲಗುವ ಹಾಗೆ ಮಲಗಿತು. ಎಲ್ಲಿಯೋ ತುಂಬ ದೂರದಲ್ಲಿ ಕಂಪ್ರೆಸರೊಂದು ನಡುಗಿ ನಿಂತಿತು. ಅದು ಸಂಗೀತವೋ ರಿಪೇರಿಗೆ ಬಂದದ್ದೋ. ಆ ಕೋಣೆಯ ಕಿಟಕಿ, ಚಿಲಕ ಸುತ್ತಿ ಹೋಗುವ ಟೇಪಿನ ಕಂದು ಗೆರೆ, ಅದರ ಮೇಲೆ ಬಿದ್ದ ಬೆಳಕು ಪ್ರತಿ ಸುತ್ತಿಗೂ ಒಮ್ಮೆ ಹೊಳೆಯುವುದು, ಎಲ್ಲವೂ ಸದ್ದಿನೊಳಗಿಂದ ಕಂಡಿತು, ತಾನು ಯಾವತ್ತೂ ಆ ಬೆಳಕನ್ನು ನೋಡುತ್ತ ನಿಂತವಳಲ್ಲದಿದ್ದರೂ. ಆವತ್ತು ಅವಳು ಗೋಡೆಯ ಆಚೆ ಇದ್ದಳು, ಅಂದರೆ ಈಚೆ. ಚಾಪೆಯ ಮೇಲೆ ಮಗುವನ್ನು ಎದೆಗೆ ಹಾಕಿಕೊಂಡು ಮಲಗಿದ್ದಳು. ಹಾಲು ಕುಡಿದು ಮಗು ಬಾಯಿ ಬಿಟ್ಟಿತ್ತು, ನಿದ್ದೆ ಹತ್ತಿರಲಿಲ್ಲ. ಗೋಡೆಯಿಂದ ಸ್ವರ ಬರುತ್ತಿತ್ತು. ಮತ್ತೆ ಅದೇ ಸ್ವರ ಬೇರೆ ಕಡೆಯಿಂದಲೂ ಬರುತ್ತಿತ್ತು, ತೀರ ಹತ್ತಿರದಿಂದ, ಅವಳ ಎದೆಯ ಮೂಳೆಯ ಮೇಲಿಂದ. ತಲೆ ಬಗ್ಗಿಸಿ ನೋಡಿದರೆ, ಮಗು. ತುಟಿ ಮುಚ್ಚಿ, ಕಣ್ಣು ಅರ್ಧ ಮುಚ್ಚಿ, ಗೋಡೆಯ ಸ್ವರವನ್ನು ಹಿಡಿದುಕೊಂಡು ಗುನುಗುತ್ತಿತ್ತು. ಉಸಿರು ಮುಗಿದರೆ ನಿಲ್ಲಿಸಿ, ಮತ್ತೆ ಅದೇ ಸ್ವರ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಗೋಡೆಯ ಸ್ವರ ಬದಲಾದರೆ ತಡವರಿಸಿ, ಹುಡುಕಿ, ಅದನ್ನೂ ಹಿಡಿಯುತ್ತಿತ್ತು. ಆಗ ಮೊದಲ ಸಲ ಅವಳಿಗೆ ಅದು ಸದ್ದಲ್ಲ ಎಂದು ಗೊತ್ತಾಯಿತು. ಹಾಡು, ಎಂದುಕೊಂಡಳು. ಇವನೂ ಇದನ್ನು ನೋಡಬೇಕು. ಎದ್ದರೆ ಮಗು ನಿಲ್ಲಿಸೀತು, ಕೂಗಿದರೆ ಬೆದರೀತು. ಕೈ ಚಾಚಿದರೆ ಗೋಡೆ. ಬನ್ನಿ, ಎಂದು ಅವಳು ತಟ್ಟಿದಳು.

ಮೂರು ಸಲ. ಹೆಡ್‌ಫೋನಿನೊಳಗೆ ಅದು ಅವಳ ಹಣೆಯ ಒಳಗೋಡೆಗೇ ತಟ್ಟಿದ ಹಾಗೆ ಬಂತು. ಅವಸರದಲ್ಲಿ, ಮೃದುವಾಗಿ, ಮೂರನೆಯದು ಎರಡನೆಯದಕ್ಕೆ ಅಂಟಿಕೊಂಡಂತೆ. ತನ್ನ ಕೈ ಎಷ್ಟು ಚಿಕ್ಕದಾಗಿತ್ತು ಎನಿಸಿತು.

ಆಮೇಲೆ ಸದ್ದು ಇಳಿಯಿತು. ಕಾನೂನು ಕಾನೂನೇ. ಗೋಡೆ ತಟ್ಟಿದರೆ ಕಮ್ಮಿ ಮಾಡು ಎಂದರ್ಥ, ಅವನು ಕಮ್ಮಿ ಮಾಡಿದ. ಸ್ವರ ಕೊಠಡಿಯಿಂದ ಕೊಠಡಿಗೆ ಹಿಂದೆ ಹಿಂದೆ ಹೋಯಿತು, ಒಂದೊಂದೇ ಬಾಗಿಲು ಮುಂದೆ ಮಾಡುತ್ತ. ಆವತ್ತು ಮಗು ಸ್ವಲ್ಪ ಹೊತ್ತು ಹುಡುಕಿ, ಸಿಗದೆ, ತಲೆ ಆ ಕಡೆ ಈ ಕಡೆ ಮಾಡಿ, ಸುಮ್ಮನಾಗಿತ್ತು. ಈಗ ರೆಕಾರ್ಡಿನಲ್ಲಿ ಮಗು ಇಲ್ಲ. ಅದರ ಗುನುಗು ಗೋಡೆ ದಾಟಿರಲಿಲ್ಲ. ತಟ್ಟಿದ್ದು ಮಾತ್ರ ದಾಟಿತ್ತು. ಅವಳು ಕಿವಿಗೆ ಕೈಯೊತ್ತಿ ಹುಡುಕಿದಳು, ಎಲ್ಲಾದರೂ ಒಂದು ಎಳೆ ಉಳಿದಿದೆಯೇ ಎಂದು. ಮನೆ ತುಂಬ ಜನ ಕೂತಿದ್ದ ದಿನವೂ ಅವಳು ಬಾಗಿಲಿಗೆ ಒರಗಿ ಇದನ್ನೇ ಹುಡುಕಿದ್ದು, ಇದಕ್ಕೇ ಕಾದದ್ದು. ಅದು ಆ ದಿನ ಹಾಕಿದ ಮೊದಲನೆಯ ಬದಿಯಲ್ಲಿ ಇರಲಿಲ್ಲ. ಹಾಡು ಯಾವಾಗ ಬರತ್ತೆ. ಅವರು ನಕ್ಕ ಮೇಲೆ ಬಿಡಿಸಿ ಹೇಳಿದ್ದರೆ ಅದು ಇನ್ನೊಂದು ತಮಾಷೆಯಾಗುತ್ತಿತ್ತು. ಅವಳು ಒಳಗೆ ಮಡಚಿ ಹೊಲಿದುಬಿಟ್ಟಿದ್ದಳು.

ಯಾರೋ ಭುಜ ಮುಟ್ಟಿದಂತಾಯಿತು. ಕಣ್ಣು ಬಿಟ್ಟರೆ ಅಂಗಡಿಯಲ್ಲಿದ್ದ ಗಿರಾಕಿಗಳು ರೆಕಾರ್ಡು ಕೆದಕುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಹೆಡ್‌ಫೋನು ತೆಗೆದಳು. ತಾನು ಜೋರಾಗಿ ಗುನುಗುತ್ತಿದ್ದೆ ಎನ್ನುವುದು, ನಿಂತ ಮೇಲೆ ಗೊತ್ತಾಯಿತು.

“ಸರಿಯಾಗೇ ಹಿಡಿದಿದ್ರಿ ಅಮ್ಮಾ,” ಎಂದ ಹುಡುಗ, ನಗದೆ. ಆದರೂ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಮುಜುಗರ ಮರೆಸಲೆಂದೋ ಏನೋ ಮಾತು ತೆಗೆದ. ಕಂಪನಿಯ ಇಬ್ಬರಿಗೂ ಇಡೀ ‘ತಂಪು’ವಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಬಡಿತದ ಆಮೇಲಿನ ಭಾಗವೇ ಅಂತೆ, ಸದ್ದು ಹಿಂದೆ ಸರಿಯುತ್ತ ಸರಿಯುತ್ತ ಹೋಗುವುದು. ಅದು ಹೇಗೆ ಹೊಳೆಯಿತು ಎಂದು ಅವರು ನಿಮ್ಮ ಯಜಮಾನರನ್ನು ಕೇಳುತ್ತಲೇ ಇದ್ದಾರೆ, ಅವರು ಉತ್ತರ ಕೊಡುತ್ತಿಲ್ಲ, ಎಂದ. ಆಮೇಲೆ, ಬಡಿತವನ್ನು ತೆಗೆಯುವುದು ಸುಲಭ, ಆದರೆ ತೆಗೆದರೆ ಸದ್ದು ಯಾಕೆ ಇಳಿಯಿತು ಅಂತ ಯಾರಿಗೂ ಗೊತ್ತಾಗೋದಿಲ್ಲ ಅಲ್ವಾ, ಎಂದು ತನಗೇ ಹೇಳಿಕೊಂಡ.

“ಅವರು ನಿಮಗೆ ಏನಂದ್ರು?” ಎಂದು ಅವಳು ಕೇಳಿದಳು. “ನಿನ್ನೆ, ಫೋನಲ್ಲಿ. ಇದ್ದ ಹಾಗೇ ಹೇಳಿ.”

ಹುಡುಗ ನೆನಪಿಸಿಕೊಂಡ. “ತಟ್ಟಿದವಳನ್ನ ಕೇಳಿ, ನನಗೆ ಹಕ್ಕಿಲ್ಲ ಅಂದ್ರು.”

“ತಟ್ಟಿದವಳು ಅಂದ್ರಾ?”

“ಹೌದಮ್ಮಾ. ಯಾಕೆ?”

ಏನಿಲ್ಲ, ಎಂದಳು. ಗುಬ್ಬಿ ಯಾವ ಮಾತನ್ನೂ ತಂದ ಹಾಗೇ ಕೊಟ್ಟವಳಲ್ಲ. ಬಾಯಲ್ಲಿ ಒಂದು ಸುತ್ತು ಅಗಿದೇ ಕೊಡುವುದು. ಅವಳ ಮೇಲೆ ಸಿಟ್ಟೂ ಬರಲಿಲ್ಲ. ಸಂಜೆ ಮನೆಗೇ ಫೋನು ಮಾಡಿ, ಹೇಳುತ್ತೇನೆ, ಎಂದು ಮೆಟ್ಟಿಲು ಹತ್ತಿದಳು. ಮೇಲೆ ಬೀದಿಯಲ್ಲಿ ಬೆಳಕು ಕಣ್ಣಿಗೆ ಚುಚ್ಚಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಎಂಜಿನ್ನು ಒಂದು ಸ್ವರ ಹಿಡಿದಿತ್ತು, ಕಿಟಕಿಯ ಸಡಿಲ ಗಾಜು ಇನ್ನೊಂದನ್ನು. ಎರಡೂ ಸೇರುವ ಜಾಗದಲ್ಲಿ ಅವಳಿಗೆ ತೂಕಡಿಕೆ ಬಂತು, ತೂಕಡಿಕೆಯಲ್ಲಿ ಎದೆಯ ಮೇಲೆ ಏನೋ ಬೆಚ್ಚಗೆ ಭಾರವಾಗಿತ್ತು. ಅದು ಬರಿಯ ಕೈಚೀಲ. ಮಗಳು ಈಗ ಆಂಬುಲೆನ್ಸ್ ಓಡಿಸುತ್ತಾಳೆ. ದಿನವಿಡೀ ಒಂದೇ ಸ್ವರ ಕೇಳಿ ಕೇಳಿ ಕಿವಿ ಸತ್ತಿದೆ ಅಮ್ಮಾ ಎನ್ನುತ್ತಾಳೆ.

ಮನೆಯಲ್ಲಿ ಗಂಡ ಅಡುಗೆಮನೆಯ ಮೇಜಿನ ಮುಂದೆ ಹಳೆಯ ಪೇಪರು ಹಾಸಿಕೊಂಡು, ಯಾರದೋ ಫ್ರಿಜ್ಜಿನ ಥರ್ಮೋಸ್ಟಾಟನ್ನು ಬಿಚ್ಚಿ ಕೂತಿದ್ದ. ರಿಪೇರಿ ಕೆಲಸ ನಿಲ್ಲಿಸಿದ ಮೇಲೂ ಬೀದಿಯವರು ತಂದುಕೊಡುತ್ತಾರೆ, ಅವನಿಗೂ ಬೇಡವೆನ್ನಲು ಬರುವುದಿಲ್ಲ. ಬೇಗ ಬಂದೆಯಲ್ಲ, ಎಂದ. ಹೌದು, ಎಂದಳು. ಟೀ ಮಾಡಿ ಎರಡು ಲೋಟಕ್ಕೆ ಬಗ್ಗಿಸಿ, ಎದುರು ಕುರ್ಚಿಯಲ್ಲಿ ಕೂತಳು. ಅವನು ಒಂದು ಸ್ಕ್ರೂವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಆ ದಪ್ಪ ಬೆರಳುಗಳು ಗುಂಡಿ ತಿರುಗಿಸಿ ಸದ್ದು ಇಳಿಸಿದ್ದನ್ನು ಅವಳು ನೋಡಿದವಳಲ್ಲ. ಹೇಗೆ ಇಳಿಸಿರಬಹುದು? ಬೇಸರದಿಂದ ಒಮ್ಮೆಗೇ ತಿರುಗಿಸಿದ್ದರೆ ಸದ್ದು ಹಾಗೆ ಇಳಿಯುತ್ತಿರಲಿಲ್ಲ. ಅಷ್ಟು ಹೊತ್ತು, ಅಷ್ಟು ಮೆಲ್ಲಗೆ, ಬಾಗಿಲು ಬಾಗಿಲಾಗಿ. ಮಲಗಿದವರಿಗೆ ಎಚ್ಚರವಾಗಬಾರದು ಎನ್ನುವವನ ಹಾಗೆ.

“ಇರಲಿ ಅಂತ ಹೇಳ್ತೀನಿ,” ಎಂದಳು.

ಅವನು ತಲೆಯೆತ್ತಲಿಲ್ಲ. “ನಿನ್ನಿಷ್ಟ. ತೆಗೆದ್ರೂ ನನಗೇನಿಲ್ಲ. ಹೆಸರು ಕೆಡತ್ತೆ ಅನ್ನೋದಾದ್ರೆ ತೆಗೆಸು.”

“ಯಾರ ಹೆಸರು?”

“ನಿಂದು. ಗುಬ್ಬಿ ಆಗಲೇ ಊರೆಲ್ಲ ಹೇಳ್ಕೊಂಡು ಬಂದಿರ್ತಾಳೆ.” ಸ್ಕ್ರೂವನ್ನು ಮುಚ್ಚಳದೊಳಗೆ ಹಾಕಿದ. ಆಮೇಲೆ ಕೇಳಿದ, “ಅವತ್ತು ತುಂಬಾ ಜೋರಿತ್ತಾ?”

ಟೀ ಲೋಟದ ಮೇಲೆ ಕೆನೆ ಕಟ್ಟುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

“ಜೋರಿರಲಿಲ್ಲ.”

“ಮತ್ತೆ?”

“ಕರೆದೆ.”

ಅವನಿಗೆ ಅರ್ಥವಾಗಲಿಲ್ಲ. ಏನು, ಎಂದ. ಅವಳು ಹೇಳಿದಳು. ಚಾಪೆ, ಮಗು, ಗೋಡೆಯ ಸ್ವರ, ಎದೆಯ ಮೇಲಿನ ಸ್ವರ. ಹೇಳುತ್ತ ಹೋದ ಹಾಗೆ ಎಷ್ಟು ಸಣ್ಣ ಸಂಗತಿ ಎನಿಸಿತು, ಇಷ್ಟಕ್ಕೆ ಇಷ್ಟು ವರ್ಷ ಬೇಕಿತ್ತೇ ಎಂದು ನಾಚಿಕೆಯಾಯಿತು. ಹಾಡು ಎಂದು ತಾನು ಕೇಳಿದ್ದು ಅದನ್ನು, ಎಂಬುದನ್ನೂ ಹೇಳಿದಳು. ಅವನು ನಗಲಿಲ್ಲ. ಮೀಸೆಯ ಕೆಳಗೆ ತುಟಿ ಒಮ್ಮೆ ಸಿದ್ಧವಾಯಿತು, ಅಭ್ಯಾಸ, ಆಮೇಲೆ ಬಿಟ್ಟುಕೊಟ್ಟಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಪೇಪರಿನ ಮೇಲೆ ನೇರವಾಗಿಟ್ಟ, ಮತ್ತೆ ಇನ್ನೂ ನೇರ ಮಾಡಿದ.

“ನಾನು ಕಮ್ಮಿ ಮಾಡಿದೆ,” ಎಂದ.

“ಮಾಡಿದ್ರಿ.”

“ನಿನಗೆ ಬೇಡವಾಗಿದೆ ಅಂತ ತಿಳ್ಕೊಂಡೆ. ಎಷ್ಟು ಕಮ್ಮಿ ಮಾಡಿದ್ರೆ ನಿನಗೆ ಸರಿಹೋಗತ್ತೆ ಅಂತ ನೋಡ್ತಾ ನೋಡ್ತಾ…” ಅವನ ಬೆರಳುಗಳು ಗಾಳಿಯಲ್ಲಿ ಇಲ್ಲದ ಗುಂಡಿಯೊಂದನ್ನು ಹಿಡಿದು ಎಡಕ್ಕೆ ಸ್ವಲ್ಪವೇ ತಿರುಗಿಸಿ ನಿಂತವು. “ಇನ್ನೊಂದು ಸಲ ತಟ್ತೀಯೇನೋ ಅಂತ ಕಾದೆ. ತಟ್ಟಲಿಲ್ಲ. ಹಾಗೇ ಮುಗೀತು.”

ಹೊರಗೆ ಬೀದಿಯಲ್ಲಿ ಯಾರೋ ಬಾಗಿಲು ಹಾಕಿದರು. ಮೇಜಿನ ಮೇಲೆ ಬಿಡಿಭಾಗಗಳು ಹರಡಿದ್ದವು. ಒಂದೊಂದೂ ಹೊಳೆಯುತ್ತಿತ್ತು. ಅವನು ಬೇರೆಲ್ಲೋ ನೋಡುತ್ತ, ಯಾವ ಸ್ವರ ಹಿಡಿದಿತ್ತು, ಎಂದು ಕೇಳಿದ. ಮೊದಲಿನದಾ, ಕೆಳಗಿನದಾ?

ಅವಳು ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನೇ ಎತ್ತಿದ. ಅಂಗಡಿಯ ಹುಡುಗನ ದನಿ ಇವಳವರೆಗೂ ಸಣ್ಣಗೆ ಕೇಳುತ್ತಿತ್ತು. ಕಂಪನಿಯವರು ಕಾಯುತ್ತಿದ್ದಾರೆ, ಅಮ್ಮ ಏನಾದರೂ ತೀರ್ಮಾನ ಮಾಡಿದರೇ, ಇಲ್ಲೇ ಅವರೂ ಲೈನಿನಲ್ಲಿದ್ದಾರೆ, ನಿಮ್ಮ ಜೊತೆ ಒಂದು ನಿಮಿಷ ಮಾತಾಡಬೇಕಂತೆ.

“ಇರಲಿ ಅಂದಿದ್ದಾಳೆ, ಹಾಗೇ ಬಿಡಿ,” ಎಂದ ಗಂಡ. “ಮಾತೆಲ್ಲ ನಾಳೆ. ಈಗ ಆಗಲ್ಲಪ್ಪಾ, ಇವಳು ಕರೀತಿದ್ದಾಳೆ.”

ಫೋನು ಇಟ್ಟು, ತನ್ನ ಕುರ್ಚಿಯನ್ನು ಎತ್ತಿಕೊಂಡು, ಮೇಜು ಬಳಸಿ ಬಂದು ಅವಳ ಮಗ್ಗುಲಲ್ಲಿ ಕೂತ.